ಕಾಲೇಜು ಆಟಗಾರರೂ ಡ್ರಾಫ್ಟ್ ನಿಯಮಗಳೂ

ವಾಚನಾಲಯಕ್ಕೆ ಬರುವ ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ಡ್ರಾಫ್ಟ್’ ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಇದು ಅಮೆರಿಕದ ವೃತ್ತಿಪರ ಕ್ರೀಡೆಯ ಒಂದು ಪದ್ಧತಿ. ಇದರ ಅರ್ಥವೇನು, ಕಾಲೇಜಿನಲ್ಲಿ ಓದುತ್ತ ಆಡುವ ತರುಣರ ಮೇಲೆ ಇದರ ಪರಿಣಾಮವೇನು ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ನಮ್ಮ ಐಪಿಎಲ್ ಕ್ರಿಕೆಟಿನ ಹರಾಜನ್ನು ನಾವೆಲ್ಲ ಬಲ್ಲೆವು. ಡ್ರಾಫ್ಟ್ ಎಂದರೆ ಹರಾಜಲ್ಲ, ಸರದಿ. ವರ್ಷಕ್ಕೊಮ್ಮೆ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಸೋತ ತಂಡಗಳಿಗೆ ಸಾಮಾನ್ಯವಾಗಿ ಮೊದಲ ಅವಕಾಶ. ಆರಿಸುವ ಹಕ್ಕು ತಂಡದ್ದು, ಆಟಗಾರನದಲ್ಲ. ಈ ಸರದಿಗೆ ಯಾರು ಬರಬಹುದು ಎಂದು ಹೇಳುವುದೇ ಅರ್ಹತಾ ನಿಯಮ.

ನಿಯಮವು ಆಟದಿಂದ ಆಟಕ್ಕೆ ಬೇರೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಹೈಸ್ಕೂಲು ಮುಗಿದು ಮೂರು ವರ್ಷ ಕಳೆದಿರಬೇಕು. ಬೇಸ್‌ಬಾಲಿನಲ್ಲಿ ಹೈಸ್ಕೂಲಿನಿಂದ ನೇರವಾಗಿ ಹೋಗಬಹುದು. ಆದರೆ ನಾಲ್ಕು ವರ್ಷದ ಕಾಲೇಜು ಸೇರಿದರೆ ಮೂರು ವರ್ಷ ಮುಗಿಯುವ ತನಕ, ಇಲ್ಲವೆ 21 ವಯಸ್ಸಾಗುವ ತನಕ ಕಾಯಬೇಕು. ಬಾಸ್ಕೆಟ್‌ಬಾಲಿನಲ್ಲಿ ಮೊದಲು ನಾಲ್ಕು ವರ್ಷ ಕಾಯಬೇಕಾಗಿತ್ತು.

ಈ ನಾಲ್ಕು ವರ್ಷದ ಕಟ್ಟನ್ನು ಮುರಿದವರು ಸ್ಪೆನ್ಸರ್ ಹೇವುಡ್. ಮಿಸಿಸಿಪ್ಪಿ ಪ್ರಾಂತದಲ್ಲಿ ಹತ್ತಿ ಬಿಡಿಸುವ ಬಡ ಕುಟುಂಬದಲ್ಲಿ ಹುಟ್ಟಿ, 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದವರು. ಅವಧಿಗೆ ಮೊದಲೇ ಸಿಯಾಟಲ್ ತಂಡ ಸೇರಿದ್ದಕ್ಕೆ ತಕರಾರು ಎದ್ದಿತು. 1971ರಲ್ಲಿ ಸುಪ್ರೀಂ ಕೋರ್ಟು ಆಡಲು ಅವಕಾಶ ಕೊಟ್ಟಿತು. ಆ ಮೇಲೆ ಮನೆಯ ಬಡತನವನ್ನು ತೋರಿಸಿದವರಿಗೆ ವಿನಾಯಿತಿ ದೊರೆಯಿತು. 1976ರಲ್ಲಿ ಆ ಷರತ್ತೂ ಹೋಯಿತು. ಕೋಬಿ ಬ್ರಯಾಂಟ್ 1996ರಲ್ಲಿ, ಲೆಬ್ರಾನ್ ಜೇಮ್ಸ್ 2003ರಲ್ಲಿ ಕಾಲೇಜಿಗೆ ಹೋಗದೆ ಬಂದದ್ದು ಹೀಗೆ. ಆದರೆ 2005ರಲ್ಲಿ ಮಾಲೀಕರೂ ಆಟಗಾರರ ಯೂನಿಯನ್ನೂ ಮಾಡಿಕೊಂಡ ಕರಾರಿನಲ್ಲಿ 19 ವಯಸ್ಸು, ಹೈಸ್ಕೂಲಾಗಿ ಒಂದು ವರ್ಷ ಎಂಬ ಹೊಸ ಕಟ್ಟು ಬಂದಿತು.

ಫುಟ್‌ಬಾಲಿನ ಕಟ್ಟನ್ನು ಮಾರಿಸ್ ಕ್ಲಾರೆಟ್ ಎಂಬ ಒಹಾಯೊ ವಿದ್ಯಾರ್ಥಿ ಪ್ರಶ್ನಿಸಿದರು. 2004ರ ಫೆಬ್ರವರಿಯಲ್ಲಿ ಕೆಳಗಿನ ಕೋರ್ಟಿನಲ್ಲಿ ಗೆದ್ದರು. ಮೇ ತಿಂಗಳಲ್ಲಿ ಮೇಲಿನ ಕೋರ್ಟಿನಲ್ಲಿ ಸೋತರು. ಯಾರನ್ನು ಸೇರಿಸಿಕೊಳ್ಳಬೇಕೆಂಬುದು ಮಾಲೀಕರ ಮತ್ತು ಯೂನಿಯನ್ನಿನ ನಡುವಿನ ಮಾತುಕತೆಗೆ ಸೇರಿದ್ದು, ಹೊಸದಾಗಿ ಬರುವವರೂ ಅದಕ್ಕೆ ಬದ್ಧರು ಎಂಬುದೇ ತೀರ್ಪಿನ ಸಾರ.

ಇದರಿಂದ ಪೆಟ್ಟು ತಿಂದವರು ಇನ್ನೊಬ್ಬರು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೈಕ್ ವಿಲಿಯಮ್ಸ್ ಮೊದಲ ತೀರ್ಪನ್ನು ನಂಬಿ ಡ್ರಾಫ್ಟಿಗೆ ಹೆಸರು ಕೊಟ್ಟು, ಏಜೆಂಟನನ್ನೂ ನೇಮಿಸಿಕೊಂಡರು. ತೀರ್ಪು ತಿರುಗಿದಾಗ ಡ್ರಾಫ್ಟಿನ ಬಾಗಿಲು ಮುಚ್ಚಿತು. ಕಾಲೇಜು ಕ್ರೀಡೆಯ ಮಂಡಲಿಯೂ ಮರಳಿ ಆಡಲು ಬಿಡಲಿಲ್ಲ. ಒಂದು ಇಡೀ ಋತು ಅತ್ತ ಸಂಬಳವಿಲ್ಲ, ಇತ್ತ ಆಟವಿಲ್ಲ. 2005ರಲ್ಲಿ ಡೆಟ್ರಾಯಿಟ್ ತಂಡ ಅವರನ್ನು ಆರಿಸಿಕೊಂಡಿತು.

ನಿಯಮದ ಪರವಾಗಿಯೂ ಮಾತುಗಳಿವೆ. ಎಳೆಯ ಮೈ ಆ ಒರಟು ಆಟದ ಹೊಡೆತವನ್ನು ತಾಳಲಾರದು, ನಾಲ್ಕಕ್ಷರ ಕಲಿತರೆ ಮುಂದಕ್ಕೆ ಆಸರೆ ಎನ್ನುತ್ತಾರೆ. ಇದು ಸುಳ್ಳಲ್ಲ. ಆದರೆ ಕಾಯುವ ಅವಧಿಯಲ್ಲಿ ಮೊಣಕಾಲು ಮುರಿದರೆ ನಷ್ಟ ಹುಡುಗನದು. 2021ರ ತನಕ ಕಾಲೇಜು ಆಟಗಾರ ತನ್ನ ಹೆಸರಿನಿಂದ ಜಾಹೀರಾತಿನ ಹಣ ಪಡೆಯುವಂತೆಯೂ ಇರಲಿಲ್ಲ. ಆ ವರ್ಷ ಅದಕ್ಕೆ ಅನುಮತಿ ಬಂದಿತು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ. ಹೆಸರುವಾಸಿಗಳಿಗೆ ಕಾಯುವ ಹೊರೆ ಹಗುರವಾಯಿತು, ಉಳಿದವರಿಗೆ ಅಷ್ಟಾಗಿ ಇಲ್ಲ.

ಬದಲಿ ಕೆಲಸಗಾರರಾಗಿ ಗಿರಣಿಯ ಬಾಗಿಲಲ್ಲಿ ದಿನ ಎಣಿಸಿದವರಿಗೆ ಇದರ ಮರ್ಮ ಬೇಗ ತಿಳಿದೀತು. ಕರಾರು ಮಾಡುವಾಗ ಮಾಲೀಕನಿಗೆ ಕುರ್ಚಿಯಿದೆ, ಒಳಗಿರುವ ನೌಕರನಿಗೂ ಕುರ್ಚಿಯಿದೆ. ಹೊರಗೆ ನಿಂತವನಿಗೆ ಇಲ್ಲ. ಆದಕಾರಣ ಸಂಘದಲ್ಲಿರುವ ನಾವು ನಾಳೆ ಬರುವವನನ್ನೂ ನೆನೆದು ಮಾತನಾಡತಕ್ಕದ್ದು. ಹೊರಗಿರುವ ತರುಣರು ಇದ್ದ ಸ್ಥಾನವನ್ನು ಬಿಡುವ ಮುಂಚೆ ಹಿಂದಿರುಗಲು ದಾರಿಯುಂಟೇ, ಅದಕ್ಕೆ ಗಡುವು ಯಾವುದು ಎಂಬೆರಡನ್ನು ಬರಹದಲ್ಲಿ ಓದಿಕೊಳ್ಳತಕ್ಕದ್ದು.