ಸುಜಲಾ-3 ಮತ್ತು ಗದಗ: ಹಲವು ಇಲಾಖೆ, ಒಂದೇ ಯೋಜನೆ

ವಿಶ್ವಬ್ಯಾಂಕ್ ನೆರವಿನ ಸುಜಲಾ-3 ಜಲಾನಯನ ಯೋಜನೆಗೆ 2012ರಲ್ಲಿ ಮಂಜೂರಾತಿ ಸಿಕ್ಕಿತು. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯೂ ಇದರಲ್ಲಿತ್ತು. ಜಲಾನಯನ ಅಭಿವೃದ್ಧಿ ಇಲಾಖೆಯದು ಮುಂದಾಳತ್ವ. ಜೊತೆಗೆ ತೋಟಗಾರಿಕೆ ಇಲಾಖೆ, ಧಾರವಾಡ ಮತ್ತು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳು, ನಾಗಪುರ ಕೇಂದ್ರಿತ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆ, ಭಾರತೀಯ ವಿಜ್ಞಾನ ಸಂಸ್ಥೆ.

ಇಷ್ಟು ಮಂದಿಯನ್ನು ಒಂದೇ ದಾರಿಗೆ ತಂದದ್ದು ಭೂಸಂಪನ್ಮೂಲ ಸಮೀಕ್ಷೆ. ಸುಮಾರು 500 ಹೆಕ್ಟೇರ್‌ನ ಕಿರು ಜಲಾನಯನವೇ ಘಟಕ. ಹೊಲದಲ್ಲಿ ಗುಂಡಿ ತೋಡಿ ಮಣ್ಣಿನ ಪದರ, ಆಳ, ಇಳಿಜಾರು, ಪೋಷಕಾಂಶ ದಾಖಲಿಸಿದರು. ಜಿಲ್ಲೆಯ ಮುಂಡರಗಿ, ಶಿರಹಟ್ಟಿಯಂಥ ಕಡೆ ಎರಿಹೊಲದ (ಕಪ್ಪು ಮಣ್ಣು) ಪಕ್ಕದಲ್ಲೇ ಮಸಾರಿ (ಕೆಂಪು ಮಣ್ಣು) ಇರುವುದರಿಂದ ಒಂದೇ ಶಿಫಾರಸು ಎಲ್ಲ ಹೊಲಕ್ಕೂ ಹೊಂದದು. ಎಲ್ಲಿ ಬದು, ಎಲ್ಲಿ ಕೃಷಿಹೊಂಡ, ಯಾವ ಬೆಳೆ ಎಂಬುದು ಈ ನಕ್ಷೆಯಿಂದಲೇ ಹೊರಡಬೇಕಿತ್ತು. ಸಮನ್ವಯ ಸಭೆಗಳಿಗಿಂತ ಹಂಚಿಕೊಂಡ ಮಾಹಿತಿಯೇ ಇಲಾಖೆಗಳನ್ನು ಹೆಚ್ಚು ಬೆಸೆಯುತ್ತದೆ ಎನ್ನಲು ಇದು ಒಳ್ಳೆಯ ಉದಾಹರಣೆ. ಪರೀಕ್ಷೆಯ ವಿವರಣಾತ್ಮಕ ಉತ್ತರದಲ್ಲಿ ಇದನ್ನು ಬಳಸಬಹುದು.

ಯಾವ ಯೋಜನೆಗೆ ಯಾರ ನೆರವು ಎಂಬುದನ್ನೂ ಗಮನಿಸಿ. ಸುಜಲಾ-3ರಂತೆ ಗ್ರಾಮೀಣ ಕುಡಿಯುವ ನೀರಿನ ಜಲನಿರ್ಮಲ ಯೋಜನೆಗೂ ವಿಶ್ವಬ್ಯಾಂಕ್ ನೆರವಿತ್ತು. ಗದಗ-ಬೆಟಗೇರಿ ನಗರಸಭೆ ಸೇರಿದ್ದ ಉತ್ತರ ಕರ್ನಾಟಕ ನಗರ ವಲಯ ಹೂಡಿಕೆ ಕಾರ್ಯಕ್ರಮಕ್ಕೆ ಮಾತ್ರ ಸಾಲ ಕೊಟ್ಟದ್ದು ಏಷ್ಯನ್ ಅಭಿವೃದ್ಧಿ ಬ್ಯಾಂಕ್ (ಕೇಂದ್ರ ಕಚೇರಿ: ಮನಿಲಾ), ಜಾರಿ ಹೊಣೆ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮದ್ದು (ಕೆಯುಐಡಿಎಫ್‌ಸಿ). ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಈ ವ್ಯತ್ಯಾಸದಲ್ಲೇ.

ಜಿಲ್ಲೆಯ ತಾಲ್ಲೂಕುವಾರು ಮಾಹಿತಿ ನೋಡುವಾಗ, ಹಳೆಯ ದಾಖಲೆಗಳಲ್ಲಿ ಲಕ್ಷ್ಮೇಶ್ವರವನ್ನು ಶಿರಹಟ್ಟಿ ತಾಲ್ಲೂಕಿನಲ್ಲೇ ಹುಡುಕಿ. ಅದು ಪ್ರತ್ಯೇಕ ತಾಲ್ಲೂಕಾದದ್ದು ಆಮೇಲೆ.