ಮಸುಕಾದ ನಕ್ಷತ್ರಚಿತ್ರವನ್ನು ಉಳಿಸಿಕೊಳ್ಳುವ ಬಗೆ

ರಜೆಗೆ ಊರಿಗೆ ಹೋಗಿದ್ದ ನಮ್ಮ ಗೆಳೆಯರೊಬ್ಬರು ಅಲ್ಲಿಯ ಕತ್ತಲಲ್ಲಿ ಕೃತ್ತಿಕೆಯ 16 ಚಿತ್ರಗಳನ್ನು ತೆಗೆದು ತಂದರು. ನೋಡಿದರೆ ಬರೀ ಕಪ್ಪು, ಮೇಲೆ ಉಪ್ಪು ಚೆಲ್ಲಿದಂತೆ ಹುಸಿ ಚುಕ್ಕೆಗಳು. ಅಳಿಸಿಬಿಡುವುದರಲ್ಲಿದ್ದರು, ನಾವು ತಡೆದೆವು.

ನಕ್ಷತ್ರದ ಬೆಳಕು ಪ್ರತಿ ಚಿತ್ರದಲ್ಲಿಯೂ ತಪ್ಪದೆ ಬೀಳುವುದು. ಹುಸಿ ಚುಕ್ಕೆ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಒಂದೇ ಮೂಟೆಯನ್ನು ಹಲವು ಸಲ ತೂಗಿ ಸರಾಸರಿ ತೆಗೆದರೆ ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕುವುದಿಲ್ಲವೇ? ಇದೂ ಹಾಗೆಯೇ. ಲೆಕ್ಕ ವರ್ಗಮೂಲದ್ದು: 16 ಚಿತ್ರ ಸೇರಿದರೆ ದೋಷ ಕಾಲು ಭಾಗಕ್ಕೆ ಇಳಿಯುವುದು, 100 ಸೇರಿದರೆ ಹತ್ತನೆಯ ಒಂದು ಭಾಗಕ್ಕೆ.

ಕ್ರಮ ಹೀಗಿದೆ:

1. ಅದೇ ರಾತ್ರಿ ಮಸೂರಕ್ಕೆ ಮುಚ್ಚಳ ಹಾಕಿ, ಅಷ್ಟೇ ಹೊತ್ತಿನ ಕೆಲವು ಕಪ್ಪು ಚಿತ್ರಗಳನ್ನು ತೆಗೆಯಿರಿ. ಕ್ಯಾಮರಾದ ಸ್ಥಿರ ದೋಷ ಅದರಲ್ಲಿ ಸಿಕ್ಕುವುದು, ಅದನ್ನು ಕಳೆಯಿರಿ. ನಮ್ಮ ಗೆಳೆಯರು ಮರೆತಿದ್ದರು, ನೀವು ಮರೆಯಬೇಡಿ.

2. ಆಕಾಶ ಗಂಟೆಗೆ 15 ಡಿಗ್ರಿ ಸರಿಯುವುದು. ಆದುದರಿಂದ ನಕ್ಷತ್ರದ ಮೇಲೆ ನಕ್ಷತ್ರ ಕೂರುವಂತೆ ಚಿತ್ರಗಳನ್ನು ಜೋಡಿಸಿರಿ.

3. ಸರಾಸರಿ ತೆಗೆಯಿರಿ.

4. ಕಡೆಯಲ್ಲಿ ಮಾತ್ರ ಹೊಳಪು ಹೆಚ್ಚಿಸಿರಿ. ಮೊದಲೇ ಹೆಚ್ಚಿಸಿದರೆ ದೋಷವೂ ಹೊಳೆಯುವುದು.

ಡೀಪ್ ಸ್ಕೈ ಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳು ಈ ಕೆಲಸಕ್ಕೆ ಉಚಿತವಾಗಿ ದೊರೆಯುತ್ತವೆ.

1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕವು ಬರಿದೆಂದು ತೋರುತ್ತಿದ್ದ ಆಕಾಶದ ಚೂರೊಂದನ್ನು 10 ದಿನ ದಿಟ್ಟಿಸಿತು. 342 ಚಿತ್ರಗಳನ್ನು ಕೂಡಿಸಿದಾಗ ಸುಮಾರು 3,000 ನಕ್ಷತ್ರಲೋಕಗಳು ಕಂಡವು.

ಒಂದು ಎಚ್ಚರಿಕೆ: ಇಲ್ಲದ ನಕ್ಷತ್ರವನ್ನು ಕೈಯಿಂದ ತಿದ್ದಿ ಬರೆಯಬಾರದು; ಅದು ಸುಳ್ಳು ಜಮೆ.

ಬರಿಗಣ್ಣಿಗೆ ಆರೇಳು ಕಾಣುವ ಕೃತ್ತಿಕೆಯಲ್ಲಿ ನಾವು ಆ ಸಂಜೆ 30ಕ್ಕೂ ಹೆಚ್ಚು ನಕ್ಷತ್ರ ಎಣಿಸಿದೆವು. ಅವೆಲ್ಲ ಆ ಕಪ್ಪಿನಲ್ಲಿಯೇ ಇದ್ದುವು.