ಮೂತ್ರಾಂಗಗಳ ರಚನೆಯೂ ಕಲ್ಲಿನ ವ್ಯಾಧಿಯೂ

ಈ ಲೇಖನದ ಹೆಸರನ್ನು ಓದಿದೊಡನೆ ಕೆಲವು ವಾಚಕರಿಗೆ ಸಂಕೋಚವಾಗಬಹುದು. ಹೃದಯದ ಪಾಠವನ್ನು ಶಾಲೆಯಲ್ಲಿ ಎಲ್ಲರೂ ಗಂಭೀರವಾಗಿ ಕೇಳುತ್ತಾರೆ. ಮೂತ್ರಾಂಗಗಳ ಪಾಠ ಬಂದಾಗ ಹುಡುಗರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ, ಗುರುಗಳು ಬೇಗನೆ ಪುಟ ತಿರುವುತ್ತಾರೆ. ಆದರೆ ಮುಚ್ಚಂಡಿಯಂಥ ಊರಿನಲ್ಲಿ, ಜತ್ತ ತಾಲ್ಲೂಕಿನಂಥ ಮಳೆಯ ನೆರಳಿನ ಸೀಮೆಯಲ್ಲಿ, ಹೀಗೆ ಪುಟ ತಿರುವುವುದು ನಮಗೆ ಒಪ್ಪತಕ್ಕದ್ದಲ್ಲ. ನೀರು ಕಡಿಮೆಯಾದಾಗ ಬೆಳೆ ಒಣಗುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಅದೇ ಕೊರತೆ ದೇಹದೊಳಗೆ ಮಾಡುವ ಕೆಲಸವು ಕಣ್ಣಿಗೆ ಬೀಳದು. ಒಂದು ರಾತ್ರಿ ಸೊಂಟದ ಪಕ್ಕದಲ್ಲಿ ಅಸಹ್ಯವಾದ ಶೂಲೆ ಎದ್ದಾಗಲೇ ಅದರ ಅರಿವು ಉಂಟಾಗುತ್ತದೆ.

ಮೊದಲು ರಚನೆಯನ್ನು ನೋಡೋಣ. ಮೂತ್ರಪಿಂಡಗಳು ಎರಡು. ನಮ್ಮ ಕೆಲವು ಪುಸ್ತಕಗಳು ಇವನ್ನು ಮೂತ್ರಜನಕಾಂಗಗಳೆಂದೂ ಕರೆಯುತ್ತವೆ. ಮೂತ್ರಕೋಶವೆಂಬ ಒಂದೇ ಮಾತನ್ನು ಒಬ್ಬರು ಪಿಂಡಕ್ಕೂ ಮತ್ತೊಬ್ಬರು ಮೂತ್ರ ತುಂಬುವ ಚೀಲಕ್ಕೂ ಬಳಸುವುದರಿಂದ ವಿದ್ಯಾರ್ಥಿಗಳಿಗೆ ಗೊಂದಲವಾಗುವುದುಂಟು. ಇಲ್ಲಿ ನಾವು ಆ ಚೀಲವನ್ನು ಮೂತ್ರಾಶಯವೆಂದೇ ಕರೆಯುವೆವು. ಪಿಂಡಗಳು ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನೆಲುಬಿನ ಇಕ್ಕೆಲಗಳಲ್ಲಿ, ಕೊನೆಯ ಪಕ್ಕೆಲುಬುಗಳ ಆಸರೆಯಲ್ಲಿ ಇರುತ್ತವೆ. ಆಕಾರ ಅವರೆಕಾಳಿನದು, ಉದ್ದ ಸುಮಾರು 11 ಸೆಂಟಿಮೀಟರು, ತೂಕ ಒಂದೊಂದೂ ಸುಮಾರು 150 ಗ್ರಾಮು. ಇಷ್ಟು ಚಿಕ್ಕ ಅವಯವಗಳಿಗೆ ಹೃದಯವು ತಾನು ತಳ್ಳುವ ರಕ್ತದಲ್ಲಿ ಐದರಲ್ಲೊಂದು ಪಾಲನ್ನು ಕೊಡುತ್ತದೆಂದರೆ ಅವುಗಳ ಕೆಲಸದ ಮಹತ್ವವನ್ನು ಊಹಿಸಬಹುದು.

ಪ್ರತಿಯೊಂದು ಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳುಂಟು. ಇವಕ್ಕೆ ನೆಫ್ರಾನ್‌ಗಳೆಂದು ಹೆಸರು. ಪ್ರತಿಯೊಂದರ ತುದಿಯಲ್ಲಿಯೂ ಕೂದಲಿಗಿಂತ ಸಣ್ಣವಾದ ರಕ್ತನಾಳಗಳ ಒಂದು ಗೊಂಚಲಿದೆ. ಇಟಲಿಯ ಮಾಲ್ಪೀಘಿ 1666ರಲ್ಲಿಯೇ ಈ ಗೊಂಚಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದಿಟ್ಟನು; ಅದನ್ನು ಸುತ್ತಿದ ಬಟ್ಟಲಿನಂಥ ಪೊರೆ ಮುಂದೆ ಉದ್ದವಾದ ಕೊಳವೆಯಾಗಿ ಸಾಗುತ್ತದೆಂಬುದನ್ನು 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೌಮನ್ ತೋರಿಸಿದನು. ಆದರೆ ಅಲ್ಲಿ ನಡೆಯುವುದು ಬರಿಯ ಸೋಸುವಿಕೆಯೋ ಅಥವಾ ಮೂತ್ರವನ್ನು ಹೊಸದಾಗಿ ತಯಾರಿಸುವ ಕೆಲಸವೋ ಎಂಬ ವಾದ ಮತ್ತೆ ಎಂಬತ್ತು ವರ್ಷ ಮುಗಿಯಲಿಲ್ಲ. 1924ರಲ್ಲಿ ಫಿಲಡೆಲ್ಫಿಯಾದ ವರ್ನ್ ಮತ್ತು ರಿಚರ್ಡ್ಸ್ ಎಂಬ ವಿಜ್ಞಾನಿಗಳು ಕಪ್ಪೆಯ ಮೂತ್ರಪಿಂಡದ ಒಂದೇ ಒಂದು ಬಟ್ಟಲಿಗೆ ಅತಿಸೂಕ್ಷ್ಮವಾದ ಗಾಜಿನ ನಳಿಕೆಯನ್ನು ಚುಚ್ಚಿ ಅಲ್ಲಿಯ ದ್ರವವನ್ನು ಹೊರತೆಗೆದರು. ಮೂತ್ರಾಶಯದ ಮೂತ್ರದಲ್ಲಿ ಇಲ್ಲದ ಸಕ್ಕರೆ ಆ ದ್ರವದಲ್ಲಿತ್ತು! ಅಂದಮೇಲೆ ಗೊಂಚಲು ಎಲ್ಲವನ್ನೂ ಸೋಸಿ ಬಿಡುತ್ತದೆ, ಮುಂದಿನ ಕೊಳವೆಯು ಬೇಕಾದುದನ್ನು ಮರಳಿ ಹೀರಿಕೊಳ್ಳುತ್ತದೆ ಎಂಬುದು ಸಿದ್ಧವಾಯಿತು. ಒಂದು ಕಪ್ಪೆಯಿಂದ ಇಷ್ಟು ದೊಡ್ಡ ವ್ಯಾಜ್ಯ ತೀರಿದುದು ನಮಗೆ ಬಹಳ ಚೆಂದವೆನಿಸುತ್ತದೆ.

ನಮ್ಮ ಮನೆಯ ಲೆಕ್ಕದಲ್ಲಿ ಇದನ್ನು ಹೇಳೋಣ. ದಿನವೊಂದಕ್ಕೆ ಸೋಸಲ್ಪಡುವ ದ್ರವ ಸುಮಾರು 180 ಲೀಟರು. ಹದಿನೈದು ಲೀಟರಿನ ಕೊಡವಾದರೆ ಹನ್ನೆರಡು ಕೊಡ. ಇದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಟ್ಟು, ಮಿಕ್ಕುದೆಲ್ಲವನ್ನೂ ಪಿಂಡಗಳು ರಕ್ತಕ್ಕೆ ಹಿಂದಿರುಗಿಸುತ್ತವೆ. ಬೇಸಗೆಯಲ್ಲಿ ಟ್ಯಾಂಕರಿನ ಮುಂದೆ ಸಾಲು ನಿಂತ ಗೃಹಿಣಿಗೂ ಇಷ್ಟು ಮಿತವ್ಯಯ ಸಾಧ್ಯವಾಗದು.

ಆದರೆ ಈ ಮಿತವ್ಯಯಕ್ಕೂ ಒಂದು ಮೇರೆಯುಂಟು. ದಿನದ ಮಲಿನ ಲವಣಗಳನ್ನೂ ಯೂರಿಯಾವನ್ನೂ ಹೊರಹಾಕಲು ಕಡಿಮೆಯೆಂದರೆ ಅರ್ಧ ಲೀಟರು ಮೂತ್ರವಾದರೂ ಬೇಕು. ಬಿಸಿಲಿನಲ್ಲಿ ಕಷ್ಟದ ಕೆಲಸ ಮಾಡುವವನ ಮೈಯಿಂದ ಗಂಟೆಗೆ ಒಂದು ಲೀಟರಿನವರೆಗೆ ಬೆವರು ಹೋಗಬಹುದು. ಅವನು ಅದಕ್ಕೆ ತಕ್ಕಷ್ಟು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ, ಕಡು ಹಳದಿಯಾಗಿ, ಅದರಲ್ಲಿ ಕರಗಿದ್ದ ಲವಣಗಳು ಕರಗಿದಂತೆ ಉಳಿಯಲಾರದೆ ಹರಳುಗಟ್ಟುತ್ತವೆ. ಮರಾಠಿಯಲ್ಲಿ ಮುತಖಡಾ ಎಂದು ಕರೆಯುವ ಕಲ್ಲಿನ ಹುಟ್ಟು ಇಲ್ಲಿಯೇ.

ಹೊಸ ಕೊಡದಲ್ಲಿ ತಿಳಿನೀರು ತುಂಬಿಟ್ಟರೂ ಕಾಲಾಂತರದಲ್ಲಿ ತಳದಲ್ಲಿ ಕೆಸರು ಕೂಡುವಂತೆ ಮೂತ್ರಾಶಯದಲ್ಲಿ ಕಲ್ಲು ಬೆಳೆಯುತ್ತದೆಂದು ಸುಶ್ರುತಸಂಹಿತೆ ಹೇಳುತ್ತದೆ. ಅಶ್ಮರಿಯೆಂಬ ಈ ವ್ಯಾಧಿಯಲ್ಲಿ ನಾಲ್ಕು ಬಗೆಗಳನ್ನು ಎಣಿಸಿ, ಔಷಧದಿಂದ ಗುಣವಾಗದಿದ್ದರೆ ಶಸ್ತ್ರದಿಂದ ಕಲ್ಲು ತೆಗೆಯುವ ಕ್ರಮವನ್ನು ಅದು ವಿವರಿಸುತ್ತದೆ. ಕುಶಲನಾದ ವೈದ್ಯನಿಗೂ ಇದರಲ್ಲಿ ಫಲ ಸಂದಿಗ್ಧವಾದುದರಿಂದ ಒಡೆಯನ ಅಪ್ಪಣೆ ಪಡೆದೇ ಕೈಯಿಡಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. ವಿಶೇಷವೇನೆಂದರೆ, ಇವುಗಳಲ್ಲಿ ಮೂರು ಬಗೆಯ ಕಲ್ಲುಗಳು ಹೆಚ್ಚಾಗಿ ಮಕ್ಕಳಿಗೇ ಆಗುತ್ತವೆಂದು ಆ ಗ್ರಂಥ ಹೇಳುತ್ತದೆ.

ಮಕ್ಕಳಿಗೇ ಏಕೆ? ಇದಕ್ಕೆ ಉತ್ತರ ಹುಡುಕುವ ಪ್ರಯತ್ನ ನಮ್ಮ ದಕ್ಷಿಣ ದೇಶದಲ್ಲಿಯೇ ನಡೆಯಿತು. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮ್ಯಾಕರಿಸನ್ ಎಂಬ ವೈದ್ಯವಿಜ್ಞಾನಿ ಇಲಿಗಳಿಗೆ ಬಗೆಬಗೆಯ ಆಹಾರ ತಿನ್ನಿಸಿ ನೋಡಿದನು. ಬರಿಯ ಧಾನ್ಯವೇ ಹೆಚ್ಚಾಗಿದ್ದು ಹಾಲಿಲ್ಲದ ಆಹಾರ ತಿಂದ ಇಲಿಗಳ ಮೂತ್ರಾಶಯದಲ್ಲಿ ಕಲ್ಲು ಬೆಳೆಯಿತು. ಹಾಲು ಸೇರಿಸಿದಾಗ ಅದು ತಪ್ಪಿತು. ಭಾರತದಲ್ಲಿ ಕಲ್ಲಿನ ಕಾರಣವನ್ನು ಕುರಿತ ಅವನ ಲೇಖನ 1931ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಹೋಗಿ ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. 1960ರ ದಶಕದಲ್ಲಿ ಥೈಲ್ಯಾಂಡಿನ ಉಬೋನ್ ಪ್ರಾಂತದ ಹಳ್ಳಿಗಳಲ್ಲಿ ಸಂಶೋಧಕರು ಇದೇ ದಾರಿಯಲ್ಲಿ ಮುಂದೆ ಹೋಗಿ, ಅನ್ನವನ್ನೇ ತಿಂದು ಬೆಳೆಯುವ ಕೂಸುಗಳಿಗೆ ರಂಜಕದ ಲವಣವನ್ನು ಕೊಟ್ಟಾಗ ಮೂತ್ರದಲ್ಲಿಯ ಹರಳುಗಳು ಇಳಿದುದನ್ನು ಕಂಡರು. ಮಕ್ಕಳ ಊಟ ಸುಧಾರಿಸಿದ ದೇಶಗಳಲ್ಲೆಲ್ಲ ಮೂತ್ರಾಶಯದ ಕಲ್ಲು ಅಪರೂಪವಾಯಿತು. ಅದರ ಬದಲು ದೊಡ್ಡವರ ಮೂತ್ರಪಿಂಡದ ಕಲ್ಲು ಹೆಚ್ಚಿತು. ಈಗ ನಾವು ಸುತ್ತಮುತ್ತ ಕಾಣುವುದು ಬಹುತೇಕ ಇದನ್ನೇ.

ಪಿಂಡದಲ್ಲಿ ಕುಳಿತ ಕಲ್ಲು ಎಷ್ಟೋ ಸಲ ಸುದ್ದಿಯನ್ನೇ ಮಾಡುವುದಿಲ್ಲ. ಅದು ಕೆಳಗೆ ಜಾರಿದಾಗ ತೊಂದರೆ. ಪಿಂಡದಿಂದ ಮೂತ್ರಾಶಯಕ್ಕೆ ಇಳಿಯುವ ನಾಳದ ಉದ್ದ 25ರಿಂದ 30 ಸೆಂಟಿಮೀಟರು. ಅದು ಮೂರು ಕಡೆ ಕಿರಿದಾಗುತ್ತದೆ: ಪಿಂಡವನ್ನು ಬಿಡುವಲ್ಲಿ, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳನ್ನು ದಾಟುವಲ್ಲಿ, ಮೂತ್ರಾಶಯದ ಗೋಡೆಯನ್ನು ಹೊಗುವಲ್ಲಿ. ಕಲ್ಲು ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಈ ಮೂರರಲ್ಲೊಂದು ಕಡೆಗೆ. ನಾಳವು ಅದನ್ನು ಮುಂದೆ ತಳ್ಳಲು ಅಲೆಯಲೆಯಾಗಿ ಹಿಂಡಿಕೊಳ್ಳುತ್ತದೆ. ಮೇಲೆ ಕಟ್ಟಿನಿಂತ ಮೂತ್ರದ ಒತ್ತಡ ಹೆಚ್ಚುತ್ತದೆ. ಅದರ ಫಲವೇ ಆ ಶೂಲೆ. ಬೆನ್ನಿನ ಪಕ್ಕದಿಂದ ಹೊರಟು ತೊಡೆಯ ಸಂದಿಗೆ ಇಳಿಯುವ ಆ ನೋವಿನಲ್ಲಿ ಮನುಷ್ಯನು ಕೂಡಲಾರ, ನಿಲ್ಲಲಾರ, ಮಲಗಲಾರ. ಐದು ಮಿಲಿಮೀಟರಿಗಿಂತ ಸಣ್ಣ ಕಲ್ಲುಗಳು ಬಹುಮಟ್ಟಿಗೆ ತಾವಾಗಿಯೇ ಹೊರಬೀಳುತ್ತವೆ. ನೋವಿನ ಜೊತೆಗೆ ಚಳಿಜ್ವರ ಬಂದರೆ, ಮೂತ್ರ ನಿಂತೇ ಹೋದರೆ, ಅಥವಾ ಒಂದೇ ಪಿಂಡವುಳ್ಳವರಿಗೆ ಹೀಗಾದರೆ, ಬೆಳಗಿನವರೆಗೆ ಕಾಯಲಾಗದು. ಅಂದೇ ದವಾಖಾನೆಗೆ ಒಯ್ಯಬೇಕು. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೂ ಸುಮ್ಮನಿರಬಾರದು. ಅದು ಅರ್ಬುದದ ಮೊದಲ ಸೂಚನೆ ಆಗಿರಬಹುದು.

ನಮ್ಮ ಸೀಮೆಯಲ್ಲಿ ಬಹುಜನರು ನಂಬಿದ ಒಂದು ಮಾತನ್ನು ಇಲ್ಲಿ ಪರೀಕ್ಷಿಸುವುದು ಅವಶ್ಯ. ಕೊಳವೆಬಾವಿಯ ಸವಳು ನೀರು ಸುಣ್ಣದ ನೀರು, ಕಲ್ಲಿನಲ್ಲಿ ಇರುವುದೂ ಸುಣ್ಣವೇ, ಆದುದರಿಂದ ಆ ನೀರನ್ನು ಕುಡಿದಷ್ಟೂ ಕಲ್ಲು ಬೆಳೆಯುತ್ತದೆ ಎಂಬುದು ಆ ಮಾತು. ಕಲ್ಲುಗಳಲ್ಲಿ ಬಹುಭಾಗ ಕ್ಯಾಲ್ಸಿಯಂ ಆಕ್ಸಲೇಟಿನವು ಎಂಬುದೇನೋ ನಿಜ. ಆದರೆ ತರ್ಕ ಇಲ್ಲಿ ಎಡವುತ್ತದೆ. ಊಟದಲ್ಲಿಯ ಸುಣ್ಣಾಂಶ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಮಲದೊಡನೆ ಹೊರಗೆ ಒಯ್ಯುತ್ತದೆ. ಅದು ಕಡಿಮೆಯಾದರೆ ಆಕ್ಸಲೇಟು ರಕ್ತಕ್ಕೆ ಸೇರಿ ಮೂತ್ರಕ್ಕೆ ಬರುತ್ತದೆ. 1993ರಲ್ಲಿ ಅಮೆರಿಕದಲ್ಲಿ 45,000ಕ್ಕೂ ಹೆಚ್ಚು ಗಂಡಸರನ್ನು ನೋಡಿದ ಅಧ್ಯಯನದಲ್ಲಿ, ಆಹಾರದಲ್ಲಿ ಸುಣ್ಣಾಂಶ ಅತಿ ಹೆಚ್ಚಾಗಿದ್ದವರಿಗೆ ಅತಿ ಕಡಿಮೆಯಾಗಿದ್ದವರಿಗಿಂತ ಕಲ್ಲಿನ ಅಪಾಯ ಮೂರರಲ್ಲೊಂದು ಪಾಲು ಕಡಿಮೆಯಿತ್ತು. ಇಟಲಿಯ ಪಾರ್ಮಾ ನಗರದ ಬೊರ್ಗಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ಪಷ್ಟ: ಐದು ವರ್ಷಗಳಲ್ಲಿ, ಹಾಲುಮೊಸರು ಬಿಟ್ಟವರಲ್ಲಿ 100ಕ್ಕೆ 38 ಜನರಿಗೆ ಕಲ್ಲು ಮರಳಿತು, ಹಾಲುಮೊಸರು ಬಿಡದೆ ಉಪ್ಪನ್ನೂ ಮಾಂಸವನ್ನೂ ಮಿತಗೊಳಿಸಿದವರಲ್ಲಿ 20 ಜನರಿಗೆ ಮಾತ್ರ. ಕಲ್ಲಾಯಿತೆಂದು ಮಜ್ಜಿಗೆ ಬಿಟ್ಟು, ಉಪ್ಪಿನಕಾಯಿ ಬಿಡದವರನ್ನು ನಾವು ಎಷ್ಟೋ ಜನರನ್ನು ಬಲ್ಲೆವು.

ಇನ್ನು ನೀರು. ಅದೇ ಪಾರ್ಮಾದಲ್ಲಿ 1996ರಲ್ಲಿ ಮೊದಲ ಬಾರಿ ಕಲ್ಲಾದ 199 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ ಎರಡು ಲೀಟರಾದರೂ ಮೂತ್ರವಾಗುವಷ್ಟು ನೀರು ಕುಡಿಯಲು ಹೇಳಿ, ಮತ್ತೊಂದಕ್ಕೆ ಏನೂ ಹೇಳದೆ ಬಿಟ್ಟರು. ಐದು ವರ್ಷಗಳ ಮೇಲೆ ನೋಡಿದರೆ ನೀರು ಕುಡಿದ 99 ಜನರಲ್ಲಿ 12 ಮಂದಿಗೆ, ಉಳಿದ 100 ಜನರಲ್ಲಿ 27 ಮಂದಿಗೆ ಕಲ್ಲು ಮರಳಿತ್ತು. ಔಷಧವಿಲ್ಲ, ಶಸ್ತ್ರವಿಲ್ಲ, ಬರಿಯ ನೀರು. ಹುರುಳಿಯ ಕಟ್ಟು, ಬಾಳೆದಿಂಡಿನ ರಸ, ನೆಗ್ಗಿಲಮುಳ್ಳಿನ ಕಷಾಯ ಮೊದಲಾದ ನಮ್ಮ ಹಿರಿಯರ ಮದ್ದುಗಳು ಕಲ್ಲನ್ನು ಕರಗಿಸುತ್ತವೆಂಬುದು ಸಿದ್ಧವಾಗಿಲ್ಲ. ಆದರೆ ಅವನ್ನು ಚರಿಗೆಗಟ್ಟಲೆ ಕುಡಿಯುವವರ ಹೊಟ್ಟೆಗೆ ನೀರಂತೂ ಹೋಗುತ್ತದೆ. ನಿಂಬೆಯ ಪಾನಕಕ್ಕೆ ಇನ್ನೊಂದು ಗುಣವೂ ಉಂಟು. ಅದರಲ್ಲಿಯ ಸಿಟ್ರೇಟು ಹರಳುಗಟ್ಟುವುದನ್ನು ತಡೆಯುತ್ತದೆ. ಹೃದಯದ ಬೇನೆಯುಳ್ಳವರೂ ಪಿಂಡಗಳೇ ಸೋತವರೂ ಮಾತ್ರ ವೈದ್ಯರನ್ನು ಕೇಳದೆ ಹೆಚ್ಚು ನೀರು ಕುಡಿಯತಕ್ಕದ್ದಲ್ಲ.

ಚಿಕಿತ್ಸೆಯ ವಿಷಯ ಬೇಗ ಮುಗಿಸುವೆವು. ಡಾಕ್ಟರ್ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದ ಕಾಲಕ್ಕೆ ಕಲ್ಲಿಗೆ ಇದ್ದ ಉಪಾಯ ಶಸ್ತ್ರವೊಂದೇ. 1980ರ ಫೆಬ್ರವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೈಯನ್ನು ಕೊಯ್ಯದೆ, ಹೊರಗಿನಿಂದಲೇ ಆಘಾತದ ಅಲೆಗಳನ್ನು ಕಳುಹಿಸಿ ಕಲ್ಲನ್ನು ಪುಡಿಮಾಡಲಾಯಿತು. ಈಗ ಮೂತ್ರದ ದಾರಿಯಿಂದಲೇ ತೆಳುವಾದ ದರ್ಶಕವನ್ನು ಸೇರಿಸಿ ಲೇಸರ್ ಕಿರಣದಿಂದ ಒಡೆಯುವ ಪದ್ಧತಿಯೂ ರೂಢಿಯಲ್ಲಿದೆ. ಹೊರಬಿದ್ದ ಕಲ್ಲನ್ನು ಎಸೆಯದೆ ಕಾಗದದಲ್ಲಿ ಕಟ್ಟಿಕೊಂಡು ವೈದ್ಯರಿಗೆ ತೋರಿಸಬೇಕು; ಯೂರಿಕ್ ಆಮ್ಲದ ಕಲ್ಲಾದರೆ ಮೂತ್ರದ ಹುಳಿಯನ್ನು ತಗ್ಗಿಸುವ ಔಷಧದಿಂದಲೇ ಅದು ಕರಗಬಲ್ಲದು.

ಕಲ್ಲಿಗಿಂತಲೂ ಮೆಲ್ಲನೆ ಬರುವ ಇನ್ನೊಂದು ಕೇಡನ್ನು ಕಬ್ಬು ಕಡಿಯಲು ವಲಸೆ ಹೋಗುವ ಕುಟುಂಬಗಳು ಇರುವ ಈ ತಾಲ್ಲೂಕಿನಲ್ಲಿ ಹೇಳದೆ ಬಿಡಲಾಗದು. 2002ರಲ್ಲಿ ಮಧ್ಯ ಅಮೆರಿಕದ ಎಲ್ ಸಾಲ್ವಡಾರಿನ ವೈದ್ಯರು, ಸಕ್ಕರೆರೋಗವಾಗಲಿ ರಕ್ತದ ಒತ್ತಡವಾಗಲಿ ಇಲ್ಲದ ಕೃಷಿಕೂಲಿಗಳ ಮೂತ್ರಪಿಂಡಗಳು ಹಾಳಾಗುತ್ತಿರುವುದನ್ನು ವರದಿ ಮಾಡಿದರು. ಮುಂದೆ ಅಲ್ಲಿಯ ಕಬ್ಬು ಕಡಿಯುವ ತರುಣರಲ್ಲಿ ಇದು ವಿಶೇಷವಾಗಿ ಕಂಡುಬಂದಿತು. ಕಾರಣದ ಚರ್ಚೆ ಇನ್ನೂ ಪೂರ್ತಿ ಮುಗಿದಿಲ್ಲ. ಬಿಸಿಲಿನ ತಾಪವೂ ದಿನದಿನವೂ ಮೈ ಒಣಗುವುದೂ ಅದರಲ್ಲಿ ಮುಖ್ಯವಾದ ಪಾಲುದಾರರೆಂದು ಹಲವರ ಮತ. ನೀರಿಲ್ಲದೆ ದುಡಿದ ಮೈಗೆ ರಾತ್ರಿ ನೋವಿನ ಗುಳಿಗೆ ನುಂಗುವ ಅಭ್ಯಾಸವೂ ಪಿಂಡಗಳಿಗೆ ಹಿತವಲ್ಲ. ಒಣಗಿದ ದೇಹದಲ್ಲಿ ಆ ಗುಳಿಗೆಗಳು ಪಿಂಡದ ರಕ್ತಸಂಚಾರವನ್ನೇ ಕುಗ್ಗಿಸುತ್ತವೆ.

ಕೊನೆಗೆ ನಮ್ಮ ಹುಡುಗಿಯರ ಮಾತು. ಮೂತ್ರಾಶಯದಿಂದ ಹೊರಗೆ ಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂಟಿಮೀಟರು, ಹೆಂಗಸರಲ್ಲಿ 4 ಸೆಂಟಿಮೀಟರು ಮಾತ್ರ. ಇಷ್ಟು ಗಿಡ್ಡ ದಾರಿಯಲ್ಲಿ ರೋಗಾಣುಗಳು ಸುಲಭವಾಗಿ ಮೇಲೇರುತ್ತವೆ. ಅವನ್ನು ತೊಳೆದು ಹೊರಹಾಕುವುದು ಮೂತ್ರದ ಧಾರೆಯೇ. 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಪದೇ ಪದೇ ಉರಿಮೂತ್ರದಿಂದ ಬಳಲುವ, ಕಡಿಮೆ ನೀರು ಕುಡಿಯುವ 140 ಸ್ತ್ರೀಯರಲ್ಲಿ ಅರ್ಧ ಜನ ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿದರು. ವರ್ಷದಲ್ಲಿ ಅವರಿಗೆ ಈ ಬಾಧೆ ಸರಾಸರಿ 1.7 ಸಲ ಬಂದರೆ ಉಳಿದವರಿಗೆ 3.2 ಸಲ ಬಂದಿತು. ಆದರೆ ಶೌಚಗೃಹಕ್ಕೆ ಅಂಜಿ ಬೆಳಗಿನಿಂದಲೇ ನೀರು ಬಿಡುವ ವಿದ್ಯಾರ್ಥಿನಿಗೆ ನೀರು ಕುಡಿ ಎಂದು ಉಪದೇಶಿಸಿ ಏನು ಫಲ? ಎಲ್ಲ ಶಾಲೆಗಳಲ್ಲಿಯೂ ಶೌಚಗೃಹ ಇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2012ರ ಅಕ್ಟೋಬರದಲ್ಲಿ ಆಜ್ಞಾಪಿಸಿತು. ಗೋಡೆ ಕಟ್ಟಿದ ಮಾತ್ರಕ್ಕೆ ಶೌಚಗೃಹವಾಗದು. ಅದಕ್ಕೂ ನೀರು ಬೇಕು. ನೂರು ಹುಡುಗಿಯರ ಶಾಲೆಯಲ್ಲಿ ಕುಡಿಯಲು ತಲಾ ಒಂದು ಲೀಟರು, ಶೌಚಕ್ಕೆ ತಲಾ ನಾಲ್ಕು ಲೀಟರು ಎಂದು ಹಿಡಿದರೆ ದಿನಕ್ಕೆ 500 ಲೀಟರು, ಅಂದರೆ ಸುಮಾರು 34 ಕೊಡ. ವೈಶಾಖದಲ್ಲಿ ಟ್ಯಾಂಕರು ಊರಿಗೆ ಬಂದಾಗ ಮೊದಲಿನ 34 ಕೊಡಗಳನ್ನು ಶಾಲೆಯ ಹೌದಿಗೆ ಬಿಡುವ ವಿಚಾರವನ್ನು ಊರಿನ ಹಿರಿಯರ ಮುಂದೆ ನಾವು ಇಡುತ್ತೇವೆ.